ಅತ್ತೆಯ ಕಂಬಳಿ ಮತ್ತು ನನ್ನ ತಿಗಣೆ ಸಂಹಾರ

"ಇನ್ನು ಎಂಟು ದಿನದೊಳಗೆ ಈ ಮನೆಯಲ್ಲಿ ಒಂದೇ ಒಂದು ತಿಗಣೆ ಉಳಿದರೆ ನನ್ನ ಹೆಸರು ಲಕ್ಷ್ಮೀಕಾಂತನೇ ಅಲ್ಲ!"

ಹೀಗೆಂದು ನಾನು ಘೋಷಿಸಿದ್ದು ೧೯೯೭ರ ಮಾರ್ಚ್ ತಿಂಗಳಲ್ಲಿ, ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ, ಕತ್ತು ಕೆರೆದುಕೊಳ್ಳುತ್ತಾ.

"ಹೆಸರು ಬದಲಾಯಿಸಿದ್ರೆ ರೇಷನ್ ಕಾರ್ಡೂ ಬದಲಾಯಿಸ್ಬೇಕಾಗತ್ತೆ ಕಣ್ರೀ," ಎಂದಳು ಹೆಂಡತಿ ಶಾಂತಲಾ, ಒಲೆಯ ಮುಂದಿನಿಂದ ತಿರುಗದೆ.

ಆಗ ಅತ್ತೆ ನಮ್ಮಲ್ಲಿದ್ದರು. ಅತ್ತೆ ಎಂದರೆ ಶಾಂತಲಾಳ ದೊಡ್ಡಮ್ಮ ಸಿದ್ದಲಕ್ಷ್ಮಮ್ಮ. ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಾಗ ಕೂಸನ್ನು ಚೇಳೂರಿಗೆ ಎತ್ತಿಕೊಂಡು ಹೋಗಿ ಸಾಕಿದವರು. ಕಣ್ಣಿನ ಪೊರೆ ತೆಗೆಸಲು ತುಮಕೂರಿಗೆ ಬಂದು, ಆಪರೇಷನ್ ಮುಗಿಸಿ, ಬಲಗಣ್ಣಿಗೆ ಪಟ್ಟಿ ಹಾಕಿಸಿಕೊಂಡು ನಮ್ಮಲ್ಲಿ ಉಳಿದಿದ್ದರು. ಎಡಗಣ್ಣು ಮೊದಲೇ ಮಂಜು. ಒಂದು ತಿಂಗಳು ಹೊತ್ತುಹೊತ್ತಿಗೆ ಔಷಧಿ ಬಿಡಬೇಕು, ಧೂಳಿಗೆ ಹೋಗಕೂಡದು, ಬಗ್ಗಕೂಡದು ಎಂದು ಡಾಕ್ಟರು ಹೇಳಿದ್ದರು.

ಉಪಚಾರದಲ್ಲಿ ನಾನೇನೂ ಕಡಿಮೆ ಮಾಡಲಿಲ್ಲ. ನನ್ನ ಖಾಸಾ ಕುರ್ಚಿಯನ್ನೇ ಬಿಟ್ಟುಕೊಟ್ಟೆ! ಅದರ ಮೇಲಿನ ಹತ್ತಿಯ ಮೆತ್ತೆ ಸಾಮಾನ್ಯದ್ದಲ್ಲ. ಗುಬ್ಬಿಯ ಆಫೀಸಿನಿಂದ ತುಮಕೂರಿಗೆ ವರ್ಗವಾದಾಗ ಸಹೋದ್ಯೋಗಿಗಳು ಪ್ರೀತಿಯಿಂದ ಕೊಟ್ಟು ಕಳಿಸಿದ್ದು.

ಶತ್ರುವನ್ನು ಗೆಲ್ಲಲು ಮೊದಲು ಶತ್ರುವಿನ ದಿನಚರಿ ತಿಳಿಯಬೇಕಲ್ಲ? ಓದಿದೆ. ಹೆಂಡತಿಗೆ ಉಪನ್ಯಾಸ ಕೊಟ್ಟೆ.

"ನೋಡು ಶಾಂತಲಾ, ತಿಗಣೆ ಹಗಲೆಲ್ಲ ಮಂಚದ ಸಂದಿಲಿ, ಹೊಲಿಗೆ ಮಡಿಕೇಲಿ ಅಡಗಿರತ್ತೆ. ಬೆಳಗಿನ ಜಾವ ನಮಗೆ ಗಾಢ ನಿದ್ದೆ ಬಂದಾಗ ಹೊರಡತ್ತೆ. ನಮ್ಮ ಮೈ ಬಿಸಿ, ನಮ್ಮ ಉಸಿರೇ ಅದಕ್ಕೆ ದಾರಿ. ಐದೋ ಹತ್ತೋ ನಿಮಿಷ ಕುಡಿದು ವಾಪಸ್. ತಿಂಗಳುಗಟ್ಟಲೆ ಉಪವಾಸ ಬೇಕಾದ್ರೂ ಇರತ್ತೆ!"

"ಇಷ್ಟು ದಿನ ನಮ್ಮ ರಕ್ತ ಕುಡಿದಿವೆ. ಈಗ ರಕ್ತಸಂಬಂಧಿಗಳೇ ಆದ್ವು ಬಿಡಿ."

ಬೆಳಗಿನ ಜಾವ ನಾಲ್ಕಕ್ಕೆ ಅಲಾರಂ ಇಟ್ಟು, ಟಾರ್ಚ್ ಹಿಡಿದು ದಂಡಯಾತ್ರೆ ಹೊರಟೆ. ನನ್ನ ಹಾಸಿಗೆಯಲ್ಲಿ ಸಿಕ್ಕಿದ್ದು ಮೂರು. ನಡುಮನೆಯಲ್ಲಿ ಮಲಗಿದ್ದ ಅತ್ತೆಯ ಕಾಲಡಿಯ ಕಂಬಳಿ ಮಡಿಕೆಯಲ್ಲಿ? ಹನ್ನೆರಡು!

"ಸಿಕ್ಕಿಬಿತ್ತು ಕಣೇ! ಇವು ಚೇಳೂರಿನ ಸರಕು! ಈ ಹಳೇ ಕಂಬಳೀಲೇ ಬಂದಿರೋದು!"

"ಮೆತ್ತಗೆ ಮಾತಾಡ್ರೀ, ದೊಡ್ಡಮ್ಮಂಗೆ ಕೇಳತ್ತೆ."

"ಕೇಳಿದ್ರೆ ಕೇಳ್ಲಿ ಬಿಡೇ! ಇದ್ದದ್ದು ಹೇಳೋಕೇನು?"

ಅತ್ತೆ ಅಲುಗಾಡಲಿಲ್ಲ. ನಿದ್ದೆ ಎಂದುಕೊಂಡೆ.

ಬೆಳಗಾಗುತ್ತಲೇ ಬಚ್ಚಲ ಹಂಡೆಯಲ್ಲಿ ನೀರು ಕುದಿಸಿದೆ. ಸೋಡಾ ಸುರಿದೆ. ಕಂಬಳಿಯನ್ನು ಅದರಲ್ಲಿ ಮುಳುಗಿಸಿ, ಕೋಲಿನಿಂದ ತಿರುವಿ, ಕಲ್ಲಿನ ಮೇಲೆ ಬಡಿದೆ. ತಿಗಣೆಗಳು ಸತ್ತವು. ಕಂಬಳಿಯೂ ಸತ್ತಿತು! ಕುರಿಯ ಉಣ್ಣೆ ಕುದಿನೀರಿಗೆ ಮುದುಡುತ್ತದೆಂಬ ಅಧ್ಯಾಯವನ್ನು ನಾನು ಓದಿರಲಿಲ್ಲ. ಸಂಜೆ ಒಣಗಿದಾಗ ಅದು ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿ, ತೊಟ್ಟಿಲಿನ ಅಳತೆಗೆ ಬಂದಿತ್ತು.

ಶಾಂತಲಾ ಅದನ್ನು ಹಿಡಿದು ನನ್ನನ್ನೇ ನೋಡಿದಳು. ಆಮೇಲೆ ಬೇರೆ ದಾರಿಯಿಲ್ಲದೆ ಅತ್ತೆಯ ತೊಡೆಯ ಮೇಲಿಟ್ಟಳು.

ಅತ್ತೆ ತಡವಿದರು. "ಯಾರ್ ಮಗೀದವ್ವಾ ಇದು?"

ಅವರ ಬೆರಳುಗಳು ಅಂಚಿನಲ್ಲಿ ಹರಿದು, ತಾವೇ ಹಾಕಿದ್ದ ತೇಪೆಯೊಂದರ ಮೇಲೆ ನಿಂತವು. ಅತ್ತೆಯ ಗಂಡ ಸಾಯುವ ದಿನದವರೆಗೆ ಹೊದ್ದಿದ್ದ ಕಂಬಳಿ ಅದು ಎಂದು ಶಾಂತಲಾ ನನಗೆ ಹೇಳಿದ್ದು ಆಮೇಲೆ.

"ಆಗ್ಲಿ ಬುಡವ್ವ," ಎಂದರು ಅತ್ತೆ. "ನಾನೂ ಕುಗ್ಗೋಗಿದೀನಿ. ಸಾಕಾಯ್ತದೆ."

ಮಾರನೆಯ ದಿನವೇ ಊರಿಗೆ ಹೊರಟು ನಿಂತರು. ಆಪರೇಷನ್ ಆಗಿ ಹನ್ನೊಂದೇ ದಿನ. ಎಮ್ಮೆ ಕರು ಹಾಕುವ ಹೊತ್ತು ಎಂದು ನೆಪ ಹೇಳಿದರು. ಶಾಂತಲಾ ಅತ್ತಳು. ನಾನು "ಇರಿ ಅತ್ತೆ" ಎಂದು ಒಂದೇ ಸಲ ಹೇಳಿದೆ. ಎರಡನೇ ಸಲ ಹೇಳುವ ಬದಲು ಬಸ್ಸಿನ ಟೈಮ್ ಹೇಳಿದೆ!

ಅತ್ತೆ ಹೋದರು. ತಿಗಣೆಗಳು ಹೋಗಲಿಲ್ಲ. ವಾರ ಕಳೆದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಆಫೀಸಿನ ಪುಟ್ಟರಂಗಯ್ಯ ಸಿಕ್ಕ.

"ಸಾರ್, ಆ ಮೆತ್ತೆ ಏನ್ ಮಾಡಿದ್ರಿ?"

"ಮನೇಲಿದೆಯಪ್ಪ, ಕುರ್ಚಿ ಮೇಲೆ."

"ಅಯ್ಯಯ್ಯೋ! ಮನೆಗೇ ತಗೊಂಡ್ಹೋದ್ರಾ? ತಿಗಣೆ ಕಾಟ ತಡೀಲಾರ್ದೆ ಅಲ್ವಾ ಸಾರ್ ನಾವು ನಿಮ್ಗೆ ಅದನ್ನ ಕೊಟ್ಟಿದ್ದು! ಹೊಸ ಆಫೀಸಲ್ಲಿ ಹಾಕ್ಕೋತೀರ ಅಂದ್ಕೊಂಡ್ವಿ!"

ಮೆತ್ತೆಯನ್ನು ಅಂದೇ ಸುಟ್ಟೆ. ಅಂದೇ ಚೇಳೂರಿನ ಬಸ್ಸನ್ನೂ ಹತ್ತಬೇಕಿತ್ತು. ಯಾವ ಮುಖ ಹೊತ್ತು ಹೋಗಲಿ? ನಾಳೆ, ನಾಡಿದ್ದು ಎಂದು ಎರಡು ವಾರ ತಳ್ಳಿದೆ. ಅಷ್ಟರಲ್ಲಿ ಅತ್ತೆಯ ಕಣ್ಣು ಕೆಂಪೇರಿ ನೀರು ಸುರಿಯುತ್ತಿದೆಯೆಂದು ಸುದ್ದಿ ಬಂತು. ಊರಲ್ಲಿ ಔಷಧಿ ಬಿಡುವವರಿರಲಿಲ್ಲ. ಕೊಟ್ಟಿಗೆಯ ಧೂಳು, ಒಲೆಯ ಹೊಗೆ ತಪ್ಪಿರಲಿಲ್ಲ. ಶಾಂತಲಾ ಓಡಿಹೋಗಿ ಆಸ್ಪತ್ರೆಗೆ ಕರೆತಂದಳು. ಡಾಕ್ಟರು ಹೇಳಿದ್ದು ಒಂದೇ ಮಾತು: "ವಾರದ ಹಿಂದೆ ಬರಬೇಕಿತ್ತು." ಆ ಕಣ್ಣಿನಲ್ಲಿ ಇನ್ನು ನೆರಳು ಬೆಳಕು ಗೊತ್ತಾದೀತು, ಅಷ್ಟೇ. ಅತ್ತೆ ಆಸ್ಪತ್ರೆಯಿಂದ ನಮ್ಮ ಮನೆಗೆ ಬರಲೊಪ್ಪದೆ ನೇರ ಬಸ್ಸು ಹತ್ತಿದರು. ಶಾಂತಲಾ ಮನೆಗೆ ಬಂದು ನನಗೆ ಅನ್ನ ಬಡಿಸಿದಳು. ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಭಾನುವಾರ ಚೇಳೂರಿಗೆ ಹೋದೆ. ಅತ್ತೆ ಜಗಲಿಯ ಮೇಲೆ ಕೂತು ಅವರೆಕಾಳನ್ನು ಬೆರಳಿನಿಂದಲೇ ನೋಡಿ ಆರಿಸುತ್ತಿದ್ದರು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಅತ್ತೆ, ತಿಗಣೆ ನೀವು ತಂದಿದ್ದಲ್ಲ. ನಮ್ಮನೇದೇ. ನಾನೇ ತಂದಿದ್ದು. ತಪ್ಪಾಯ್ತು."

ಅತ್ತೆ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಗೊತ್ತು ಬುಡಿ ಅಳಿಯಂದ್ರೆ. ಬಂದ ದಿನ್ವೇ ಕಚ್ಚಿದ್ವಲ್ಲ."

"ಗೊತ್ತಿತ್ತಾ! ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ ಅತ್ತೆ?"

ಅವರು ತಾವೇ ತಪ್ಪು ಮಾಡಿದವರಂತೆ ನಾಚಿ, ಸೆರಗು ಎಳೆದುಕೊಂಡರು.

"ಥೂ, ಬುಡಿ ಅತ್ಲಾಗೆ! ಹೆಣ್ ಕೊಟ್ಟ ಮನೇಲಿ ತಿಗಣೆ ಅವೆ ಅಂತ ಬಾಯ್ಬುಟ್ಟು ಹೇಳಕಾಯ್ತದಾ? ನಿಮ್ ಮರ್ವಾದೆ ಏನಾಗ್ಬೇಕು?"