ಮಗ್ಗದ ಗುಂಡಿಯ ಗಂಡು ದನಿ

ದೆವ್ವ ಇಲ್ಲ ಎಂದು ಚಳ್ಳಕೆರೆಯ ಹೈಸ್ಕೂಲಿನಲ್ಲಿ ವರ್ಷವರ್ಷವೂ ಸಾಬೀತು ಮಾಡುತ್ತಿದ್ದವನು ನಾನು. ವಿಜ್ಞಾನದ ಮೇಷ್ಟ್ರು. ಹಾಗಾಗಿ ಮದುವೆಯಾದ ಹೊಸದರಲ್ಲಿ, ಬೇಸಿಗೆ ರಜೆಗೆಂದು ಮೊಳಕಾಲ್ಮೂರಿನ ಅತ್ತೆಮನೆಗೆ ಹೊರಟಾಗ ನನ್ನ ಬಳಿ ಎರಡು ಪಂಚೆ, ಒಂದು ಟಾರ್ಚು ಮತ್ತು ಬೇಕಾದಷ್ಟು ಧೈರ್ಯ ಇತ್ತು.

ಹೋದ ದಿನ ಊಟಕ್ಕೆ ಕೂತಾಗ ಬೀದಿಯಲ್ಲಿ ಕೆಲವು ಹುಡುಗರು ಸಿನಿಮಾ ನಾಯಕನೊಬ್ಬನ ಪಟ ಹೊತ್ತು ಜೈಕಾರ ಹಾಕುತ್ತಾ ಹೋದರು. ಶುಕ್ರವಾರ ಚಳ್ಳಕೆರೆಯಲ್ಲಿ ಅವನ ಹೊಸ ಚಿತ್ರವಂತೆ. ಹೊಸ ಅಳಿಯ ಸುಮ್ಮನಿರಬೇಕೇ? ಈ ಅಭಿಮಾನಿಗಳೆಲ್ಲ ಕೆಲಸವಿಲ್ಲದ ಪೋಲಿಗಳು, ಮನೆಗೂ ದಂಡ, ಊರಿಗೂ ದಂಡ ಎಂದು ಅರ್ಧ ಪೀರಿಯಡ್ಡಿನಷ್ಟು ಉಪನ್ಯಾಸ ಕೊಟ್ಟೆ. ತುಪ್ಪ ಬಡಿಸಲು ಬಂದಿದ್ದ ಅತ್ತೆ ಲಕ್ಷ್ಮಮ್ಮ ಬಡಿಸದೆಯೇ ಒಳಗೆ ಹೋದರು. ಹೆಂಡತಿ ಪದ್ಮ ತಲೆ ಎತ್ತಲಿಲ್ಲ. ನನ್ನ ಮಾತಿನ ಗಾಂಭೀರ್ಯಕ್ಕೆ ಮೌನವಾಗಿದ್ದಾರೆ ಎಂದುಕೊಂಡೆ!

ಆ ಸಂಜೆ ಕರೆಂಟು ಹೋಯಿತು. ಮನೆಯಲ್ಲಿ ಯಾರೂ ಇದ್ದಂತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಅತ್ತೆಯ ಮಗ್ಗವಿತ್ತು. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅಲ್ಲಿಂದ ಒಂದು ಗಂಡು ದನಿ ನಿಧಾನವಾಗಿ ಕೇಳಿಸಿತು. “ಬಂದಿದ್ದು ನಿನ್ನ ಇಷ್ಟ. ಹೋಗೋದು ನನ್ನ ಇಷ್ಟ.”

ನಾನು ಹೋಗಲೂ ಇಲ್ಲ, ಬರಲೂ ಇಲ್ಲ. ಕೂತಲ್ಲೇ ಕೂತೆ.

ಪದ್ಮ ಬಂದ ಮೇಲೆ ಹೇಳಿದೆ. ಗಾಳಿ ಇರಬೇಕು ಎಂದಳು. ಗಾಳಿ ಇಷ್ಟು ಸ್ಪಷ್ಟವಾಗಿ ಮಾತಾಡುವ ವಿಷಯ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಮರುದಿನ ಯಾರಿಗೂ ಕಾಣದಂತೆ ನಿಂಬೆಹಣ್ಣು ತಂದು ಮಗ್ಗದ ಕೋಣೆಯ ಬಾಗಿಲಿಗೆ ಕಟ್ಟಿದೆ. ಮಧ್ಯಾಹ್ನ ಅತ್ತೆ ಅದನ್ನು ಬಿಚ್ಚಿ ಚಿತ್ರಾನ್ನಕ್ಕೆ ಹಿಂಡಿದರು. ದೆವ್ವಕ್ಕೆ ತಂದಿದ್ದನ್ನು ನಾನೇ ಬಡಿಸಿಕೊಂಡು ತಿಂದೆ! ಸಂಜೆ ದನಿ ಇನ್ನಷ್ಟು ಗಡುಸಾಗಿತ್ತು.

ಶುಕ್ರವಾರ ಬೆಳಗಿನ ಜಾವ ಎಚ್ಚರವಾದಾಗ ಪಕ್ಕದಲ್ಲಿ ಪದ್ಮ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಅದೇ ದನಿ. ಪೊರಕೆ ಕಂಡರೆ ದೆವ್ವಕ್ಕೆ ಭಯ ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ವಿಜ್ಞಾನವನ್ನು ಹಾಸಿಗೆಯಲ್ಲೇ ಬಿಟ್ಟು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಪೊರಕೆ ಹಿಡಿದು ಹೊರಟೆ.

ಮಬ್ಬುಗತ್ತಲಿನಲ್ಲಿ ಮಗ್ಗದ ಮುಂದೆ ಯಾರೂ ಕೂತಿರಲಿಲ್ಲ. ಆದರೆ ಕೆಂಪು ರೇಷ್ಮೆಯ ಎಳೆಗಳು ಉಸಿರಾಡುವಂತೆ ಮೇಲೆದ್ದು ಕೆಳಗಿಳಿಯುತ್ತಿದ್ದವು. ಎಳೆಗಳ ಮೇಲಿದ್ದ ನೂಲಿನ ಲಾಳಿ ಯಾರೂ ಮುಟ್ಟದೆಯೇ ಒಮ್ಮೆ ಅಲುಗಿ ಸುಮ್ಮನಾಯಿತು. ಟಾರ್ಚು ಒತ್ತಿದೆ. ಹತ್ತಲಿಲ್ಲ. ಗುಂಡಿಯೊಳಗಿಂದ ದನಿ ಎದ್ದಿತು. “ನನ್ನ ನೆಲದ ಮೇಲೆ ಕಾಲಿಡೋಕೆ ಯಾರೋ ನೀನು?” ಕತ್ತಲಿನಿಂದ ಒಂದು ಕೈ ಮೇಲೆ ಬಂದು ಗುಂಡಿಯ ಅಂಚನ್ನು ಹಿಡಿಯಿತು.

“ಈ ಮನೆ ಅಳಿಯ!” ಎಂದು ಕಿರುಚಿ ಪೊರಕೆ ಬೀಸಿದೆ. ಪಂಚೆ ಕಾಲಿಗೆ ತೊಡರಿ ಮಗ್ಗದ ಮೇಲೆಯೇ ಅಡ್ಡಬಿದ್ದೆ. ಎಳೆಗಳು ಪಟಪಟನೆ ಹರಿದವು.

ಕೆಳಗಿನಿಂದ ಮತ್ತೆ ದನಿ ಬಂತು. ಈ ಸಲ ಹೆಣ್ಣು ದನಿ. “ಓ ದೇವುಡಾ. ಅಳಿಯಪ್ಪಾ, ಸ್ವಲ್ಪ ಪಕ್ಕಕ್ಕೆ ಸರೀರಿ, ಉಸಿರು ಕಟ್ತೈತೆ.”

ಅತ್ತೆ! ಮಗ್ಗದ ತುಳಿಹಲಗೆಯ ಹಗ್ಗ ಸಡಿಲಾಗಿತ್ತೆಂದು ಗುಂಡಿಗಿಳಿದು ಬಿಗಿಯುತ್ತಿದ್ದರು. ಕೆಲಸ ಮಾಡುವಾಗ ಮೆಚ್ಚಿನ ನಾಯಕನ ಮಾತುಗಳನ್ನು ಅವನದೇ ದನಿಯಲ್ಲಿ ಹೇಳಿಕೊಳ್ಳುವುದು ಅವರ ಹಳೆಯ ಅಭ್ಯಾಸ. ನನ್ನ ಉಪನ್ಯಾಸ ಕೇಳಿದ ಮೇಲೆ, ನಾನು ಮನೆಯಲ್ಲಿಲ್ಲ ಅಥವಾ ಮಲಗಿದ್ದೇನೆ ಎಂದುಕೊಂಡಾಗ ಮಾತ್ರ ಹೇಳುತ್ತಿದ್ದರಂತೆ. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಊರಿನ ಅಭಿಮಾನಿಗಳ ಸಂಘಕ್ಕೆ ಅವರೇ ಅಧ್ಯಕ್ಷೆ!

ಮಗ್ಗದಲ್ಲಿದ್ದ ಸೀರೆ ಪಕ್ಕದೂರು ಬಿ.ಜಿ. ಕೆರೆಯ ಮದುಮಗಳದು. ಅಂದು ಸಂಜೆ ಕೊಡಬೇಕಿತ್ತು, ಮರುದಿನ ಧಾರೆ. ಇನ್ನೊಂದು ಮೊಳ ನೇಯ್ದಿದ್ದರೆ ಮುಗಿಯುತ್ತಿತ್ತು. ಅತ್ತೆ ಹರಿದ ಎಳೆಗಳನ್ನು ಅಂಗೈಯಲ್ಲಿ ಹಿಡಿದು ನೋಡಿದರು. “ಇಲ್ಲೀತನಕ ಕೊಟ್ಟ ಮಾತು ತಪ್ಪಿದೋಳಲ್ಲ ನಾನು,” ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡರು. ನಾಚಿಕೆಯಿಂದ ನಾನೇ ಆ ಗುಂಡಿಗೆ ಇಳಿದುಬಿಡೋಣ ಎನ್ನಿಸಿತು.

ಮೊದಲ ಆಟಕ್ಕೆ ಹೊರಟಿದ್ದ ಸಂಘದವರ ಟೆಂಪೋ ಬೀದಿಯಲ್ಲೇ ನಿಂತಿತ್ತು. ಪದ್ಮ ಅವರ ಜೊತೆ ಹಾರ ಕಟ್ಟುತ್ತಿದ್ದಳಂತೆ. ಗದ್ದಲ ಕೇಳಿ ಎಲ್ಲರೂ ಒಳಗೆ ಬಂದರು. ನಾನು ಬಂದ ದಿನ ಪಟ ಹೊತ್ತು ಎಲ್ಲರಿಗಿಂತ ಮುಂದೆ ಕೂಗುತ್ತಿದ್ದ ತಿಪ್ಪೇಸ್ವಾಮಿ ಹರಿದ ಎಳೆಗಳನ್ನು ನೋಡಿದ, ನನ್ನನ್ನು ನೋಡಿದ, ಪೊರಕೆಯನ್ನೂ ನೋಡಿದ. ಹೊಸ ಶರ್ಟು ಬಿಚ್ಚಿ ಗೂಟಕ್ಕೆ ಹಾಕಿ, ಗೆಳೆಯರಿಗೆ ಹೇಳಿದ. “ಟೆಂಪೋ ವಾಪಸ್ ಕಳಸ್ರಲೇ. ಅಕ್ಕನ ಮಾತು ಉಳೀಲಿ ಮೊದ್ಲು.”

ಅವರೆಲ್ಲ ನೇಕಾರರು. ಸರದಿಯಂತೆ ಕೂತು ಎಳೆಗೆ ಎಳೆ ಹುಡುಕಿ ಗಂಟು ಹಾಕಿದರು. ತಿಂಗಳುಗಟ್ಟಲೆ ಕಾದಿದ್ದ ಮೊದಲ ಆಟ ಅವರಿಲ್ಲದೆ ಶುರುವಾಗಿ, ಅವರಿಲ್ಲದೆ ಮುಗಿಯಿತು. ಒಬ್ಬನೂ ಗೊಣಗಲಿಲ್ಲ. ನಾನೂ ಒಂದು ಗಂಟು ಹಾಕಲು ಹೋದೆ. ಅದರಲ್ಲಿ ನನ್ನ ಬೆರಳೂ ಸೇರಿಕೊಂಡಿತು, ಅದನ್ನೂ ಅವರೇ ಬಿಡಿಸಬೇಕಾಯಿತು! ಸಂಜೆ ಸೀರೆ ಬಿ.ಜಿ. ಕೆರೆಯ ಬಸ್ಸು ಹತ್ತಿತು.

ಭಾನುವಾರ ಅವರ ಜೊತೆ ನಾನೂ ಟೆಂಪೋದಲ್ಲಿ ನಿಂತು ಚಳ್ಳಕೆರೆಗೆ ಹೋದೆ. ನಾಯಕ ತೆರೆಯ ಮೇಲೆ ಬಂದದ್ದೇ ತಡ, ಟಾಕೀಸೇ ಎದ್ದು ನಿಂತಿತು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡು ಬೆರಳು ಬಾಯಿಗಿಟ್ಟರು. ಆ ಸಿಳ್ಳೆಗೆ ನನ್ನ ಕಿವಿ ಗುಂಯ್ ಎಂದಿತು. ನನ್ನದೂ ಒಂದು ಇರಲಿ ಎಂದು ನಾನೂ ಬೆರಳಿಟ್ಟು ಜೋರಾಗಿ ಊದಿದೆ. ಸಿಳ್ಳೆ ಬರಲಿಲ್ಲ. ಎಂಜಲು ಮಾತ್ರ ಮುಂದೆ ನಿಂತವನ ಕುತ್ತಿಗೆಗೆ ಹೋಯಿತು.

ಅವನು ತಿರುಗಿ ದುರುಗುಟ್ಟಿ ನೋಡಿದ. ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟು ಅವನಿಗೆ ಸಮಾಧಾನ ಹೇಳಿದರು. “ತಪ್ಪು ತಿಳ್ಕಾಬ್ಯಾಡಪ್ಪ, ನಮ್ಮ ಅಳಿಯ. ಸಿನಿಮಾ ಹುಚ್ಚಿಲ್ಲ, ಆದ್ರೂ ಒಳ್ಳೇ ಮನುಷ್ಯ.”