ಅತ್ತೆ, ನಾನು ಮತ್ತು ಜೋಡಿ ಬಾಳೆಹಣ್ಣು

ತಿಳಿದದ್ದನ್ನು ಹೇಳದೆ ಸುಮ್ಮನಿರುವುದು ದೊಡ್ಡ ವಿದ್ಯೆ. ಅದೊಂದು ನನ್ನ ತಲೆಗೆ ಹತ್ತಲಿಲ್ಲ. ಹತ್ತಿದ್ದರೆ ಅತ್ತೆಯ ಮುಖ ನೋಡಲು ನಾನು ಇಷ್ಟು ಹಿಂಜರಿಯಬೇಕಾಗಿರಲಿಲ್ಲ.

ಆಗ ಯುದ್ಧದ ಕಾಲ. ನಾನು ಜಲಪಾತದ ಬದಿಯ ಬ್ಲಫ್ ಎಂಬ ಊರಿನ ವಿದ್ಯುದಾಗಾರದಲ್ಲಿ ಗುಮಾಸ್ತ. ಯಂತ್ರ ತಿರುಗಿಸುವವರು ಬೇರೆ, ನಾನು ತಿರುಗಿಸುತ್ತಿದ್ದುದು ಕಾಗದ ಮಾತ್ರ. ಆದರೂ ಮೈಸೂರು ಸೀಮೆಗೆಲ್ಲ ಬೆಳಕು ಕೊಡುವವನು ನಾನೇ ಎಂಬ ಠೇಂಕಾರ. ಏಳು ತಿಂಗಳ ಬಸುರಿಯಾಗಿದ್ದ ನನ್ನ ಹೆಂಡತಿಯನ್ನು ಹೆರಿಗೆಗೆ ಕರೆದೊಯ್ಯಲು ಬೆಸಗರಹಳ್ಳಿಯಿಂದ ಅತ್ತೆ ಬಂದರು. ಊಟವಾದ ಮೇಲೆ ಇವಳು ಒಂದಕ್ಕೊಂದು ಅಂಟಿಕೊಂಡಿದ್ದ ಜೋಡಿ ಬಾಳೆಹಣ್ಣು ಸುಲಿಯುತ್ತಿದ್ದಳು. ಅತ್ತೆ ಕಸಿದುಕೊಂಡರು.

“ಬುಡವ್ವ, ತಿನ್ಬ್ಯಾಡ. ಜೋಡಿ ತಿಂದ್ರೆ ಜೋಡಿ ಉಟ್ತವೆ.”

ನನಗೆ ಅಷ್ಟು ಸಾಕಿತ್ತು. “ಏಳು ತಿಂಗಳಾದ್ಮೇಲೆ ತಿಂದ ಹಣ್ಣು ಒಳಗೆ ಹೋಗಿ ಒಂದನ್ನ ಎರಡು ಮಾಡುತ್ತಾ ಅತ್ತೆ?” ಎಂದು ನಕ್ಕು, ಹಣ್ಣನ್ನು ನಾನೇ ಹೆಂಡತಿಗೆ ತಿನ್ನಿಸಿದೆ. ಅವಳಿ ಊರಿಗೊಂದು ಕಂಡರೆ ಹೆಚ್ಚು, ನಮಗೆಲ್ಲಿ ಬರುತ್ತದೆ ಎಂದು ಭಾಷಣವನ್ನೂ ಬಿಗಿದೆ. ಅತ್ತೆ ಸಿಪ್ಪೆ ಎತ್ತಿಕೊಂಡು ಒಳಗೆ ಹೋದರು.

ಎರಡು ತಿಂಗಳಿಗೆ ಅವಳಿ ಹುಟ್ಟಿದವು, ಒಂದು ಗಂಡು, ಒಂದು ಹೆಣ್ಣು. ಬೆಸಗರಹಳ್ಳಿಯವರು ನನಗೆ ಬಾಳೆಹಣ್ಣಿನ ಅಳಿಯ ಎಂದು ಹೆಸರಿಟ್ಟರು. ಸೋಲೊಪ್ಪದೆ ಮದ್ದೂರಿನ ಡಾಕ್ಟರನ್ನು ಕೇಳಿದೆ. ಒಂದೇ ಅಂಡ ಒಡೆದು ಎರಡಾದರೆ ಒಂದೇ ಅಚ್ಚಿನ ಮಕ್ಕಳಂತೆ, ಎರಡೂ ಗಂಡು ಇಲ್ಲವೆ ಎರಡೂ ಹೆಣ್ಣು. ಎರಡು ಅಂಡ ಬೇರೆ ಬೇರೆ ಬೆಳೆದರೆ ನಮ್ಮವುಗಳ ಹಾಗೆ, ಒಟ್ಟಿಗೆ ಬಂದ ಅಣ್ಣ ತಂಗಿ. ಈ ಎರಡನೆಯ ಬಗೆ ತಾಯಿಯ ಕಡೆಯಿಂದ ಇಳಿದು ಬರುವುದುಂಟು ಎಂದರು. ಗೆದ್ದವನಂತೆ ಅತ್ತೆಯ ಮನೆಗೆ ಬಂದು ಹೆಂಡತಿಗೆ ಹೇಳಿದೆ.

“ಅವ್ವಂಗೂ ನಂಗಿಂತ ಮುಂಚೆ ಅವಳಿ ಉಟ್ಟಿದ್ವು,” ಎಂದಳು. “ಎರಡೂ ಉಳೀಲಿಲ್ಲ.”

ಅಂದು ನಾನು ನಕ್ಕದ್ದು ಅತ್ತೆಯ ಮೂಢನಂಬಿಕೆಯನ್ನು ಕಂಡಲ್ಲ, ಸಂಕಟವನ್ನು ಕಂಡು. ತಪ್ಪಾಯಿತು ಎನ್ನಲು ಅಡುಗೆಮನೆಗೆ ಹೋದೆ. ಅತ್ತೆ ಬಾಣಂತಿಗೆ ಮೆಣಸಿನ ಸಾರು ಕುದಿಸುತ್ತಿದ್ದರು. ನಿಮ್ಮ ಅವಳಿಯ ಸಂಗತಿ ಈಗ ತಿಳಿಯಿತು, ಅಂದು ನಕ್ಕದ್ದು ತಪ್ಪಾಯಿತು ಎಂದೆ.

“ಗೊತ್ತಿಲ್ದೆ ಜೋಡಿ ಅಣ್ಣು ತಿಂದ್ಬುಟ್ಟಿದ್ದೆ ಕಣಪ್ಪ,” ಎಂದರು. “ಅದುಕ್ಕೇ ಎರಡು ಮಕ್ಳೂ ಸತ್ತೋದ್ವು.”

ಸಮಾಧಾನ ಮಾಡುವ ಆತುರದಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಹಣ್ಣಿನದೇನೂ ತಪ್ಪಿಲ್ಲ, ಅವಳಿ ಎಂಬುದು ತಾಯಿಯ ಕಡೆಯಿಂದ ಬರುವಂಥದ್ದು ಎಂದೆ.

ಅತ್ತೆಯ ಕೈಯ ಸೌಟು ನಿಂತಿತು.

“ಅಂಗಾರೆ ಅಣ್ಣಿಂದಲ್ಲ, ನನ್ನಿಂದ್ಲೇ ಅನ್ನು.”

ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನು, “ಹಂಗಂತ ಪೂರ್ತಿ ಹೇಳೋಕಾಗಲ್ಲ ಅತ್ತೆ, ಏನಪ್ಪಾ ಅಂದ್ರೆ…” ಎಂದು ವಿವರಿಸಲು ಕೂತೆ.