ಸೀಸೆಯ ಕೊರಳಿಗೆ ಎಕ್ಕಡ

ನಮ್ಮ ದೊಡ್ಡಮ್ಮ ಚಪ್ಪಲಿಗಳ್ಳಿ! ಇದು ಆರೋಪವಲ್ಲ, ದಾಖಲೆಯಿರುವ ಸಂಗತಿ. ಮತ್ತಿಕೆರೆಯ ಅವರ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಾಗ ನಾನು ಬರೆದ ದಿನಚರಿಯೇ ಸಾಕ್ಷಿ. ಅದರಲ್ಲಿ ಮಾಸ, ತಿಥಿ ಎಲ್ಲವೂ ಇವೆ. ವರ್ಷ ಬರೆಯುವುದನ್ನು ಮಾತ್ರ ಮರೆತಿದ್ದೇನೆ! ಈ ಬಗ್ಗೆ ನನಗೂ ನನ್ನ ತಂಗಿಗೂ ಒಂದು ವರ್ಷದ ಅಂತರದ ವ್ಯಾಜ್ಯವಿದೆ. ಪೈಸೆಗೆ ಇನ್ನೂ ‘ನಯಾ’ ಎಂಬ ವಿಶೇಷಣವಿದ್ದ ಕಾಲ ಎಂಬಲ್ಲಿಗೆ ಇಬ್ಬರೂ ರಾಜಿಯಾಗಿದ್ದೇವೆ.

ಆಗ ಔಷಧಿಗೆ ಹೋಗುವವರು ಸೀಸೆಯನ್ನು ಮನೆಯಿಂದಲೇ ಒಯ್ಯಬೇಕಿತ್ತು. ಯಶವಂತಪುರದ ಡಾಕ್ಟರ ಬಳಿಯಿದ್ದ ಕಾಂಪೌಂಡರು ಒಂದು ಸೀಸೆಗೆ ಕುಡಿಯುವ ಜ್ವರದ ಮಿಕ್ಸ್ಚರನ್ನೂ, ಅದರ ಅವಳಿಯಂತಿದ್ದ ಇನ್ನೊಂದಕ್ಕೆ ಕೀಲುನೋವಿಗೆ ಹಚ್ಚುವ ಮದ್ದನ್ನೂ ಸುರಿದು ಕೊಡುತ್ತಿದ್ದರು. ಹಚ್ಚುವ ಮದ್ದು ಹೊಟ್ಟೆಗೆ ಹೋದರೆ ವಿಷ. ಎರಡರ ಮೇಲೂ ಇಂಗ್ಲಿಷ್ ಚೀಟಿ. ದೊಡ್ಡಮ್ಮನ ಕಣ್ಣಿಗೆ ಎರಡೂ ಇರುವೆಸಾಲು.

ಅವರದು ನಾಲ್ಕು ಮನೆಗಳ ವಠಾರ. ಊರಿನ ಹಳೆಯ ಒಕ್ಕಲಾದ ದೊಡ್ಡಮ್ಮನದು ಒಂದು ಮನೆ. ಉಳಿದ ಮೂರರಲ್ಲಿ ಮಗ ರೈಲ್ವೆಯಲ್ಲಿದ್ದುದರಿಂದ ‘ರೈಲ್ವೆ ಪಾಟಿ’ ಎನಿಸಿಕೊಂಡಿದ್ದ ತಮಿಳು ಅಜ್ಜಿ, ದರ್ಜಿಯ ಹೆಂಡತಿ ಬೀಬಮ್ಮ, ತೆಲುಗಿನ ಹೂವಾಡಗಿತ್ತಿ. ದೊಡ್ಡಪ್ಪ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅವರದಾಗಿ ಉಳಿದಿದ್ದು ಅಟ್ಟದ ಮೇಲಿನ ಕೆಂಪು ವಸ್ತ್ರದ ಗಂಟೊಂದೇ. ಅಮಾವಾಸ್ಯೆಗೊಮ್ಮೆ ದೊಡ್ಡಮ್ಮ ಅದರ ಧೂಳು ಕೊಡವುತ್ತಿದ್ದರು. ನಾನು ಕೈಚಾಚಿದರೆ, “ಮುಟ್ಟೀಯ, ಜೋಕೆ!”

ಒಂದು ಮಧ್ಯಾಹ್ನ ನನಗೆ ಜ್ವರ. ವಿದ್ವಾಂಸನಾಗುವ ಆತುರದಲ್ಲಿ ಪುಸ್ತಕದಿಂದ ಕಣ್ಣು ತೆಗೆಯದೆ ಸೀಸೆಗಳಿದ್ದ ಗೋಡೆಯ ಗೂಡಿನೊಳಗೆ ಕೈಹಾಕಿ, ಸಿಕ್ಕ ಸೀಸೆಯನ್ನು ಲೋಟಕ್ಕೆ ಬಗ್ಗಿಸಿ ತುಟಿಗಿಟ್ಟೆ. ಫಟ್! ಲೋಟ ಅಂಗಳದಲ್ಲಿತ್ತು. ಹಚ್ಚುವ ಮದ್ದಿನ ಕರ್ಪೂರದ ವಾಸನೆ ಹಿಡಿದು ಅಡುಗೆಮನೆಯಿಂದ ಹಾರಿಬಂದಿದ್ದ ದೊಡ್ಡಮ್ಮ ನನ್ನ ತುಟಿಯನ್ನು ತಿಕ್ಕಿ ತಿಕ್ಕಿ ಒರೆಸುತ್ತಿದ್ದರು.

ಪ್ರಾಯಶ್ಚಿತ್ತವಾಗಿ ನಾನು ‘ಬಾಹ್ಯೋಪಯೋಗಕ್ಕೆ ಮಾತ್ರ’ ಎಂದು ದುಂಡಗೆ ಬರೆದು ಆ ಸೀಸೆಗೆ ಅಂಟಿಸಿದೆ.

“ಏನ್ ಬರ್ದೆ?”

“ಹಚ್ಚೋಕೆ ಮಾತ್ರ, ಕುಡೀಬೇಡಿ ಅಂತ.”

“ಯಾರಿಗೋ ಮಗಾ? ಪಾಟಿಗೆ ಕನ್ನಡ ಓದಾಕ್ ಬರಲ್ಲ, ಬೀಬಮ್ಮಂಗೆ ಅಕ್ಸರಾನೇ ಬರಲ್ಲ, ನಂಗೂ ಬರಲ್ಲ. ಓದಾಕ್ ಬರೋನು ನೀನೊಬ್ನೇ. ಕುಡಿಯಾಕೋದೋನೂ ನೀನೊಬ್ನೇ!”

ಮರುದಿನ ನೋಡುತ್ತೇನೆ, ಸೀಸೆಯ ಕೊರಳಲ್ಲಿ ಹಳೆಯ ಎಕ್ಕಡದ ತೊಗಲಿನ ತುಂಡೊಂದು ತೂಗುತ್ತಿದೆ!

“ಥೂ! ಏನಿದು ದೊಡ್ಡಮ್ಮ?”

“ಈಗ ಬಾಯಿಗಿಡು, ನೋಡಾನ!”

ಇಡುವುದುಂಟೇ? ನಾಲ್ಕು ಭಾಷೆ, ನಾಲ್ಕು ಬಗೆಯ ಸಾರು, ಎರಡು ಬಗೆಯ ಪ್ರಾರ್ಥನೆಗಳ ಆ ವಠಾರವನ್ನು ಒಂದುಗೂಡಿಸಿದ್ದ ಸೂತ್ರ ಯಾವುದೆಂದು ನಾನು ಆಮೇಲೆ ಬಹಳ ಕಾಲ ಯೋಚಿಸಿದ್ದೇನೆ. ಗ್ರಂಥಗಳಲ್ಲಿ ಸಿಗದ ಉತ್ತರ ಗೂಡಿನಲ್ಲಿತ್ತು: ಎಕ್ಕಡ ಸೋಕಿದ್ದನ್ನು ಅಲ್ಲಿ ಯಾರೂ ಬಾಯಿಗಿಡುತ್ತಿರಲಿಲ್ಲ! ಬೀಬಮ್ಮ ಮೂಗು ಮುಚ್ಚಿ ನಕ್ಕು, “ನಮ್ದೂಕೆ ಒಂದು ತುಕ್ಡ ಕೊಡಿ ಅಮ್ಮಾ” ಎಂದರು. ಪಾಟಿಯೂ ಬೇಡಿದರು. ಹೀಗೆ ಬೇಡಿಕೆ ಹೆಚ್ಚಿತು, ಬೆನ್ನಲ್ಲೇ ಕಳ್ಳತನವೂ!

ಹೂವಾಡಗಿತ್ತಿಯ ಮಗಳನ್ನು ನೋಡಲು ಬಂದಿದ್ದ ಗಂಡಿನ ಸೋದರಮಾವ ಹೊರಡುವಾಗ ಒಂದೇ ಎಕ್ಕಡ ಮೆಟ್ಟಿ ನಿಂತಿದ್ದ.

“ಹೊಸದು ಕಣಮ್ಮಾ!”

“ಒಸದಾದ್ರೇನು? ತಲೆಗ್ ಆಕ್ಕೊಂತಿದ್ರಾ?” ಎಂದರು ದೊಡ್ಡಮ್ಮ.

ಹುಡುಕಾಟದ ನೆಪದಲ್ಲಿ ಎರಡನೆಯ ಸುತ್ತು ಕಾಫಿಯಾಯಿತು, ಸಂಬಂಧವೂ ಕುದುರಿತು. ಎಕ್ಕಡ ಮಾತ್ರ ಸಿಗಲಿಲ್ಲ.

ದೊಡ್ಡಮ್ಮ ಆ ಸೀಸೆಯನ್ನೇ ಮತ್ತೆ ತುಂಬಿಸಲು ಒಯ್ದಾಗ ಡಾಕ್ಟರು ಕುರ್ಚಿಯಿಂದೆದ್ದರು. “ಏನಮ್ಮಾ, ನನ್ನ ಔಷಧಿಗೆ ಎಕ್ಕಡಾನಾ?”

“ನಿಮ್ ಔಸ್ದಿಗಲ್ಲ ಸ್ವಾಮಿ, ನಮ್ ಬಾಯಿಗೆ!”

ಡಾಕ್ಟರು ಕೂತರು. ತಮ್ಮ ಇಂಗ್ಲಿಷ್ ಚೀಟಿಯನ್ನೊಮ್ಮೆ, ತೊಗಲನ್ನೊಮ್ಮೆ ನೋಡಿ ಮೆಲ್ಲಗೆ ಕೇಳಿದರು: “ಇನ್ನೂ ನಾಲ್ಕು ತುಂಡು ಸಿಗತ್ತಾ?”

ಓದು ಮುಗಿಸಿ ಹೊರಡುವ ಹಿಂದಿನ ದಿನ ದಿನಚರಿಯನ್ನು ತಿರುವಿಹಾಕಿದೆ. ತಾರೀಖು ತಾಳೆ ನೋಡುವ ಚಟ ಆಗಲೇ ಹತ್ತಿತ್ತು. ವಠಾರದಲ್ಲಿ ಮೊದಲ ಎಕ್ಕಡ ಕಳುವಾದದ್ದು ಆಷಾಢದಲ್ಲಿ. ನಮ್ಮ ಸೀಸೆಗೆ ತುಂಡು ಕಟ್ಟಿದ್ದು ಜ್ಯೇಷ್ಠದಲ್ಲಿ. ಎರಡು ಸಲ ಪಂಚಾಂಗ ತೆಗೆದು ನೋಡಿದರೂ ಜ್ಯೇಷ್ಠವೇ ಮೊದಲು! ಹಾಗಾದರೆ ಆ ಮೊದಲ ತುಂಡು ಯಾರದು?

ಕೇಳಿದೆ. ದೊಡ್ಡಮ್ಮ ಅಟ್ಟದಿಂದ ಕೆಂಪು ಗಂಟನ್ನಿಳಿಸಿ ಬಿಚ್ಚಿದರು. ಎಣ್ಣೆ ಸವರಿಟ್ಟ ಒಂದು ಜೊತೆ ಎಕ್ಕಡ. ಎಡಗಾಲಿನದು ಇಡಿಯಾಗಿತ್ತು. ಬಲಗಾಲಿನದರ ಪಟ್ಟಿಯನ್ನು ಕತ್ತರಿಸಲಾಗಿತ್ತು.

“ದೊಡ್ಡಪ್ಪಂದು!” ಎಂದೆ. “ಬಾಗ್ಲಲ್ಲಿ ನನ್ನವೇ ಇದ್ವಲ್ಲ ದೊಡ್ಡಮ್ಮ?”

“ಇದ್ವು ಕಣೋ. ನಿನ್ ಎಕ್ಕಡ ನಿನ್ನೇ ಕಾಯ್ತದಾ?” ಅವರು ಕತ್ತರಿಸಿದ ಅಂಚನ್ನು ಸೆರಗಿನಿಂದ ಒರೆಸಿದರು. “ಅವ್ರು ಇವನ್ನ ಬಾಗ್ಲಲ್ಲಿ ಬುಟ್ಟಿರೋಗಂಟ ಒಂದ್ ಕೆಟ್ಟದ್ದೂ ಒಸ್ಲು ದಾಟ್ಲಿಲ್ಲ. ಅಟ್ಟದ್ ಮ್ಯಾಲೆ ಸುಮ್ಕೆ ಕುಂತಿದ್ವು. ನಿನ್ನ ಕಾಯ್ಲಿ ಅಂತ ಇಳಿಸ್ದೆ.”